ಮೌನಕ್ಕೂ ಸಂಬಳ ಪಡೆದವರು

ಮೊದಲ ದಿನ ನಾನು ಅವರ ಊಟದ ಮೇಜಿನ ಮೇಲೆ ಎಂಟು ಚಿತ್ರದ ಕಾರ್ಡುಗಳನ್ನು ಸಾಲಾಗಿ ಇಟ್ಟೆ. ಕೊಡೆ, ಬಾಚಣಿಗೆ, ಬೀಗದ ಕೈ, ಚಮಚ, ಹೀಗೆ. ನಾನು ಒಂದೊಂದನ್ನೇ ತೋರಿಸುವುದು, ಅವರು ಅದರ ಹೆಸರು ಹೇಳುವುದು. ಪಾರ್ಶ್ವವಾಯು ಹೊಡೆದು ಮಾತು ಹೋದವರಿಗೆ ನಾವು ಸ್ಪೀಚ್ ಥೆರಪಿಸ್ಟುಗಳು ಮಾಡುವ ಮೊದಲ ಪರೀಕ್ಷೆ ಅದು. ಅವರಿಗೆ ಆಗ ತೊಂಬತ್ತನಾಲ್ಕು ವರ್ಷ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ತುಟಿಗೆ ಕೆಂಪು ಬಣ್ಣ ಹಚ್ಚಿಕೊಂಡಿದ್ದರು. ಅಭ್ಯಾಸವಿಲ್ಲದ ಎಡಗೈಯಲ್ಲಿ ಹಚ್ಚಿಕೊಂಡಿದ್ದರಿಂದ ಅದು ಒಂದು ಕಡೆ ಗೆರೆ ದಾಟಿತ್ತು.

ಕೊಡೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬಾಯಿ ತೆರೆದರು, ಸ್ವರ ಬರಲಿಲ್ಲ. ಎಡಗೈಯಿಂದ ಕಾರ್ಡನ್ನು ಮಗುಚಿಟ್ಟರು. ಬಾಚಣಿಗೆಯನ್ನೂ ಮಗುಚಿದರು. ಎಂಟೂ ಬೋರಲಾದ ಮೇಲೆ ಅವನ್ನು ಒಟ್ಟುಮಾಡಿ, ಇಸ್ಪೀಟಿನೆಲೆ ಹಿಡಿದಂತೆ ಎದೆಗೆ ಅವುಚಿಕೊಂಡು, ನನ್ನ ಮುಖವನ್ನು ಅನುಮಾನದಿಂದ ದಿಟ್ಟಿಸಿ, ತಟ್ಟೆಯಲ್ಲಿದ್ದ ಒಂದು ಬಿಸ್ಕತ್ತನ್ನು ಪಣಕ್ಕೆ ಇಡುವವರ ಹಾಗೆ ಮೇಜಿನ ನಡುವಿಗೆ ತಳ್ಳಿದರು. ನನಗೆ ಏನು ಮಾಡಬೇಕೋ ತೋಚದೆ ನನ್ನ ಪೆನ್ನನ್ನು ಮುಂದಿಟ್ಟೆ. ಅವರು ಕೈಯಲ್ಲಿದ್ದ ಕಾರ್ಡುಗಳನ್ನು ಇನ್ನೊಮ್ಮೆ ನೋಡಿಕೊಂಡರು. ಸೋತವರ ಹಾಗೆ ನಿಟ್ಟುಸಿರು ಬಿಟ್ಟು ಎಲ್ಲವನ್ನೂ ಕೆಳಗೆ ಹಾಕಿದರು. ಬಿಸ್ಕತ್ತನ್ನು ಮಾತ್ರ ವಾಪಸು ತೆಗೆದುಕೊಂಡು ತಿಂದರು.

ನಾನು ಜೋರಾಗಿ ನಕ್ಕುಬಿಟ್ಟೆ. ಹದಿನಾರು ವರ್ಷದ ಕೆಲಸದಲ್ಲಿ, ಮಾತು ಕಳೆದುಕೊಂಡವರ ಮನೆಯಲ್ಲಿ ಮೊದಲ ದಿನವೇ ನಕ್ಕಿದ್ದು ಅದೊಂದೇ ಸಲ. ಅವರು ನಗಲಿಲ್ಲ. ಒಂದು ಸಲ ತಲೆಯಾಡಿಸಿದರು, ಕೆಲಸ ಸರಿಯಾಗಿ ಆಯಿತು ಎನ್ನುವ ಹಾಗೆ. ನನ್ನ ವರದಿಯಲ್ಲಿ ಅವತ್ತು ಅವರಿಗೆ ಎಂಟಕ್ಕೆ ಸೊನ್ನೆ ಎಂದು ಬರೆದೆ.

ಅವರ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ರೋಗಿಗಳ ಹೆಸರು ಹೊರಗೆ ಹೇಳಬಾರದೆಂಬುದು ನನ್ನ ಕೆಲಸದ ನಿಯಮ. ಹೆಸರಿಗಾಗಿಯೇ ಅರ್ಧ ಬದುಕು ಜಗಳವಾಡಿದ ಹೆಂಗಸನ್ನು ಹೆಸರಿಲ್ಲದೆ ಬರೆಯುತ್ತಿರುವುದು ನನಗೇ ಸರಿಕಾಣುತ್ತಿಲ್ಲ. ಅವರಿದ್ದಿದ್ದರೆ ಖಂಡಿತ ಬೈಯುತ್ತಿದ್ದರು. ನಮ್ಮ ಮನೆಯಲ್ಲಿ ಅವರನ್ನು, ಅವರ ಊರಿನ ಹೆಸರು ಸೇರಿಸಿ, ಡ್ಯಾನ್‌ವಿಲ್ ಅಜ್ಜಿ ಎನ್ನುತ್ತಿದ್ದೆವು. ಅಜ್ಜಿ ಎಂದರೆ ಏನೆಂದು ಗೊತ್ತಾಗಿದ್ದರೆ ಅದಕ್ಕೂ ಬೈಯುತ್ತಿದ್ದರು.

ಅವರು ಯಾರೆಂದು ನನಗೆ ಹೇಳಿದ್ದು ಅವರ ಮಗಳು. ಆಕೆಗೂ ಅರವತ್ತಾರು ವರ್ಷ, ಸ್ಕೂಲು ಟೀಚರಾಗಿ ನಿವೃತ್ತಿಯಾದವರು. ಎಮರಿವಿಲ್‌ನ ಅಪಾರ್ಟ್‌ಮೆಂಟಿನಿಂದ ವಾರಕ್ಕೆ ಮೂರು ಸಲ ಬಂದು ತಾಯಿಯನ್ನು ನೋಡಿಕೊಳ್ಳುತ್ತಿದ್ದರು. ಒಂದು ಹಳೇ ಆಲ್ಬಮ್ ತೆಗೆದು, ಹಳದಿಗಟ್ಟಿದ ಪತ್ರಿಕೆಯ ತುಣುಕುಗಳನ್ನು ತೋರಿಸುತ್ತ, ಕಥೆಯನ್ನು ಬಿಡಿಬಿಡಿಯಾಗಿ ಹೇಳಿದರು. ತಾಯಿ ಪಕ್ಕದಲ್ಲೇ ಕೂತು, ಮಗಳು ತಪ್ಪು ಹೇಳಿದಾಗಲೆಲ್ಲ ಮೇಜು ಕುಟ್ಟುತ್ತಿದ್ದರು.

ಪೋಲೆಂಡಿನಿಂದ ಬಂದ ಯಹೂದಿ ದರ್ಜಿಯೊಬ್ಬನ ಮಗಳು. ನ್ಯೂಯಾರ್ಕಿನಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ರೇಡಿಯೋದ ಒಂದು ಹಾಸ್ಯ ಕಾರ್ಯಕ್ರಮಕ್ಕೆ ಟೈಪಿಸ್ಟ್ ಆಗಿ ಸೇರಿದರು. ಬರೆಯುವವರೆಲ್ಲ ಗಂಡಸರು. ಅವರು ಬರೆದುಕೊಟ್ಟಿದ್ದನ್ನು ಟೈಪು ಮಾಡುವಾಗ ಈಕೆ ಕೇಳದೆಯೇ ಒಂದೊಂದು ಸಾಲು ಸೇರಿಸತೊಡಗಿದರು. ಪ್ರಸಾರವಾಗುವಾಗ ನಟ ಅದನ್ನೂ ಓದುತ್ತಿದ್ದ, ಸ್ಟುಡಿಯೋದಲ್ಲಿ ಕೂತ ಜನ ಅದಕ್ಕೇ ಹೆಚ್ಚು ನಗುತ್ತಿದ್ದರು. ಬರೆದವರು ತಾವೇ ಬರೆದೆವೆಂದುಕೊಂಡು ಎರಡು ತಿಂಗಳು ಸುಮ್ಮನಿದ್ದರು. ಗೊತ್ತಾದ ದಿನ ಕೆಲಸ ಹೋಗುತ್ತದೆಂದು ಈಕೆ ಕೋಟು ಹಾಕಿಕೊಂಡೇ ಕೂತಿದ್ದರಂತೆ. ಕೆಲಸದಿಂದ ತೆಗೆಯಲಿಲ್ಲ. ಬರೆಯುವವರ ಕೋಣೆಯಲ್ಲಿ ಒಂದು ಕುರ್ಚಿ ಕೊಟ್ಟರು. ಆದರೆ ಕೊನೆಯಲ್ಲಿ ಬರೆದವರ ಹೆಸರುಗಳನ್ನು ಓದುವಾಗ ಈಕೆಯದನ್ನು ಓದುತ್ತಿರಲಿಲ್ಲ.

ಟೆಲಿವಿಷನ್ ಬಂದ ಹೊಸದರಲ್ಲಿ ತಾವೇ ಪರದೆಯ ಮೇಲೆ ಬಂದರು. ಆಗೆಲ್ಲ ಎಲ್ಲವೂ ನೇರ ಪ್ರಸಾರ, ಕತ್ತರಿಸಲು ಏನೂ ಇರುತ್ತಿರಲಿಲ್ಲ. ಕಾರ್ಯಕ್ರಮಕ್ಕೆ ದುಡ್ಡು ಹಾಕುತ್ತಿದ್ದ ಸಾಬೂನಿನ ಕಂಪನಿಯವರು, ಹೆಸರು ತೀರಾ ಯಹೂದಿ ಹೆಸರಿನಂತಿದೆ, ಬದಲಾಯಿಸಿಕೊಳ್ಳಿ ಎಂದರು. ಆಮೇಲೆ ಮೂಗನ್ನೂ ಸರಿ ಮಾಡಿಸಿಕೊಂಡರೆ ಒಳ್ಳೆಯದು, ಡಾಕ್ಟರು ನಮ್ಮವರೇ ಇದ್ದಾರೆ ಎಂದರು. ಈಕೆ ಯೋಚಿಸುತ್ತೇನೆ ಎಂದು ಹೇಳಿ ಬಂದರು. ಆ ವಾರದ ಕಾರ್ಯಕ್ರಮದ ಕೊನೆಗೆ, ಕ್ಯಾಮೆರಾದ ಮುಂದೆ ಸಾಬೂನಿನ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ಎರಡು ಸಾಲು ಹೊಗಳಬೇಕಾದ ಜಾಗದಲ್ಲಿ, ಮೊದಲು ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ ಹೇಳಿದರು. ಬಿಲ್ಲೆಯನ್ನು ಮೂಗಿನ ಪಕ್ಕಕ್ಕೆ ಹಿಡಿದರು. ‘ಇವರಿಗೆ ನನ್ನ ಮೂಗು ಚಿಕ್ಕದಾಗಬೇಕಂತೆ. ಸಾಬೂನನ್ನ ದೊಡ್ಡದು ಮಾಡಿ, ಮೂಗು ತಾನಾಗೇ ಚಿಕ್ಕದಾಗಿ ಕಾಣುತ್ತೆ ಅಂತ ಹೇಳಿದೀನಿ’ ಎಂದರು.

ಜನ ನಕ್ಕರು. ಕಂಪನಿ ನಗಲಿಲ್ಲ. ಆರು ವಾರದಲ್ಲಿ ಅದೇ ಕಾರ್ಯಕ್ರಮದಲ್ಲಿ, ಅದೇ ಸೆಟ್ಟಿನಲ್ಲಿ, ಬೇರೆ ಹೆಂಗಸು ಬೇರೆ ಹೆಸರಿನಲ್ಲಿ ನಿಂತಿದ್ದಳು. ಆಮೇಲೆ ನ್ಯೂಯಾರ್ಕಿನ ಯಾವ ಸ್ಟುಡಿಯೋದಲ್ಲೂ ಬಾಗಿಲು ತೆರೆಯಲಿಲ್ಲ. ಈಕೆ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು, ನೆಲಮಾಳಿಗೆಯ ಕ್ಲಬ್ಬುಗಳಲ್ಲಿ ಕುಡಿದವರ ಮುಂದೆ ನಿಂತು ನಗಿಸಿ, ಕೊನೆಗೆ ಒಂದು ಸ್ಥಳೀಯ ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ಹಿಡಿದರು. ಹದಿನೈದು ವರ್ಷ ನಡೆಸಿದರು. ತಮ್ಮ ಹೆಸರಿನಲ್ಲೇ.

ಇಷ್ಟೆಲ್ಲ ಕೇಳಿ ನಾನು ಸಹಜವಾಗಿ ರೆಕಾರ್ಡಿಂಗುಗಳು ಎಲ್ಲಿವೆ ಎಂದು ಕೇಳಿದೆ. ಮಗಳು ಆಲ್ಬಮ್ ಮುಚ್ಚಿದರು. ಒಂದು ನಿಮಿಷದ್ದೂ ಇಲ್ಲ. ಮೊದಮೊದಲು ಯಾರೂ ದಾಖಲಿಸಲಿಲ್ಲ, ಆಮೇಲೆ ದಾಖಲಿಸಿದ ಟೇಪುಗಳ ಮೇಲೆ ಬೇರೆಯದನ್ನು ಹಾಕಿಕೊಂಡರು. ಅಂದರೆ ಈಕೆ ಮಾಡಿದ್ದೆಲ್ಲ ಉಳಿದಿದ್ದು ಈಕೆಯ ಬಾಯಲ್ಲಿ ಮಾತ್ರ. ತೊಂಬತ್ತಮೂರನೆಯ ವಯಸ್ಸಿನವರೆಗೂ ಯಾರು ಮನೆಗೆ ಬಂದರೂ, ಪೋಸ್ಟಿನವನೇ ಬಂದರೂ, ನಿಲ್ಲಿಸಿಕೊಂಡು ಆ ಹಳೆಯ ಕಾರ್ಯಕ್ರಮಗಳನ್ನು ಪೂರ್ತಿ ಪೂರ್ತಿ ಮಾಡಿ ತೋರಿಸುತ್ತಿದ್ದರಂತೆ. ಈಗ ಬಾಯಿಯೇ ಹೋಗಿತ್ತು.

ಮರಳಿ ಬಂದ ಮೊದಲ ಪದ ಯಾವುದು ಎಂದು ನಮ್ಮ ಕಸುಬಿನಲ್ಲಿ ನಾವು ಗುರುತಿಟ್ಟುಕೊಳ್ಳುತ್ತೇವೆ. ಬಹಳ ಜನಕ್ಕೆ ಅದು ಮಕ್ಕಳ ಹೆಸರಾಗಿರುತ್ತದೆ, ಇಲ್ಲವೇ ಬೈಗುಳ. ಇವರದು ಮೂರನೆಯ ವಾರ ಬಂತು. ನನ್ನ ಮೇಲಧಿಕಾರಿ ಅವತ್ತು ನನ್ನ ಜೊತೆ ಮನೆ ನೋಡಲು ಬಂದಿದ್ದರು. ಇಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಕಷ್ಟವಲ್ಲವೇ, ಒಳ್ಳೆಯ ನರ್ಸಿಂಗ್ ಹೋಮ್ ಒಂದಿದೆ, ಅಲ್ಲಿ ಎಲ್ಲವನ್ನೂ ಅವರೇ ಮಾಡುತ್ತಾರೆ, ನೀವು ಏನೂ ಮಾಡಬೇಕಾಗಿಲ್ಲ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು.

‘ನೋ’ ಎಂದರು ಇವರು. ಸ್ಪಷ್ಟವಾಗಿ, ಕೋಣೆಯ ಆಚೆ ತುದಿಗೂ ಕೇಳುವ ಹಾಗೆ. ಅಡುಗೆಮನೆಯಲ್ಲಿದ್ದ ಮಗಳು ಓಡಿ ಬಂದು ಬಾಗಿಲ ಬಳಿ ನಿಂತು ಅತ್ತರು.

ಒಂದು ವಾರ ಅದೊಂದೇ ಪದ. ಅದರಲ್ಲೇ ಎಲ್ಲ ನಡೆಸಿದರು. ನಾನು ಒಳಗೆ ಬಂದರೆ ಒಂದು ‘ನೋ’, ಕಾಫಿ ಬಿಸಿಯಾಗಿದ್ದರೆ ಇನ್ನೊಂದು ಥರದ್ದು, ಹೊರಟು ನಿಂತರೆ ಉದ್ದ ಎಳೆದದ್ದು. ಮಗಳು ಒಂದು ದಿನ ನನ್ನನ್ನು ಕಾರಿನವರೆಗೆ ಬಿಡಲು ಬಂದವರು, ಅಮ್ಮ ನನ್ನ ಅಡುಗೆ, ನನ್ನ ಬಟ್ಟೆ, ನನ್ನ ಗಂಡ ಯಾವುದನ್ನೂ ಬಿಡದೆ ಜನರ ಮುಂದೆ ಗೇಲಿ ಮಾಡಿದವಳು, ಅವಳ ಮಾತು ನಿಂತ ಈ ವಾರಗಳು ನನ್ನ ಜೀವನದಲ್ಲೇ ಅತಿ ಶಾಂತವಾದ ದಿನಗಳು ಎಂದರು. ಎಂದು ಮತ್ತೆ ಅತ್ತರು. ಅದು ಸುಳ್ಳಲ್ಲ. ಆ ತಾಯಿ ಹತ್ತಿರದವರಿಗೆ ಸುಲಭದ ಹೆಂಗಸಾಗಿರಲಿಲ್ಲ. ಬೇರೆಯವರು ಹೇಳಿದ ಜೋಕಿಗೆ ಅವರು ನಕ್ಕಿದ್ದನ್ನು ನಾನಂತೂ ನೋಡಲಿಲ್ಲ.

ಪದಗಳು ಒಂದೊಂದಾಗಿ ಬರತೊಡಗಿದ ಮೇಲೆ ಒಂದು ದಿನ ನನ್ನ ಎದೆಯ ಮೇಲಿನ ಬ್ಯಾಡ್ಜನ್ನು ಬೆರಳಿಂದ ತಟ್ಟಿದರು. ಅದರ ಮೇಲೆ ‘ಬೀ’ ಎಂದು ಇತ್ತು. ಪೂರ್ತಿ ಯಾವುದು ಎಂದು ಕಣ್ಣಲ್ಲೇ ಕೇಳಿದರು. ಭಾಗ್ಯಲಕ್ಷ್ಮಿ ಎಂದೆ. ನಾನು ಮಂಡ್ಯದ ಹತ್ತಿರದ ಹಳ್ಳಿಯವಳು, ಮೈಸೂರಿನಲ್ಲಿ ಓದಿದವಳು. ಇಲ್ಲಿ ಕೆಲಸಕ್ಕೆ ಸೇರಿದ ವರ್ಷ ಮೇಲಧಿಕಾರಿ, ಮಾತು ಕಲಿಸುವವಳ ಹೆಸರನ್ನೇ ರೋಗಿಗಳು ಹೇಳಲಾಗದಿದ್ದರೆ ಹೇಗೆ ಎಂದು ನಗುತ್ತಾ ಹೇಳಿದ್ದರು. ಆಕೆ ಒಳ್ಳೆಯ ಹೆಂಗಸೇ. ನನ್ನ ಉಚ್ಚಾರಣೆ ತಿದ್ದಿಕೊಳ್ಳಲು ಒಂದು ಕ್ಲಾಸಿನ ವಿಳಾಸವನ್ನೂ ಕೊಟ್ಟಿದ್ದರು. ನಾನು ಕ್ಲಾಸಿಗೂ ಹೋದೆ, ಹೆಸರನ್ನೂ ಕತ್ತರಿಸಿಕೊಂಡೆ. ಯಾರೂ ನನ್ನ ಮೂಗು ಮುಟ್ಟುವ ಮೊದಲೇ ನಾನೇ ಕೊಯ್ದುಕೊಟ್ಟಿದ್ದೆ.

ಇದನ್ನೆಲ್ಲ ಅವರಿಗೆ ಹೇಳಿದೆ. ಕೇಳಿ, ಕಾರ್ಡುಗಳ ಪೆಟ್ಟಿಗೆಯನ್ನು ಮೇಜಿನ ಆ ಕಡೆಗೆ ಸರಿಸಿದರು. ನನ್ನ ಹೆಸರನ್ನು ಕಾಗದದ ಮೇಲೆ ದೊಡ್ಡದಾಗಿ ಬರೆಯುವಂತೆ ಸನ್ನೆ ಮಾಡಿದರು. ಅವತ್ತಿನಿಂದ ಪ್ರತಿ ಪಾಠದ ಮೊದಲ ಹತ್ತು ನಿಮಿಷ ಅದೇ. ಭ ಎನ್ನಲು ಉಸಿರು ಬೇಕು. ಅವರ ಮುಂದೆ ತೆಳ್ಳನೆಯ ಪೇಪರ್ ನ್ಯಾಪ್ಕಿನ್ ನೇತುಹಾಕಿ, ಅದು ಅಲುಗಾಡಿದರೆ ಭ, ಅಲುಗಾಡದಿದ್ದರೆ ಬ ಎಂದು ತೋರಿಸಿಕೊಟ್ಟೆ. ಒಂಬತ್ತು ವಾರ ಹಿಡಿಯಿತು. ಅಮೆರಿಕದಲ್ಲಿ ನನ್ನ ಹೆಸರನ್ನು ಪೂರ್ತಿಯಾಗಿ, ಮಹಾಪ್ರಾಣದ ಸಮೇತ ಹೇಳಿದ ಮೊದಲ ಹೊರಗಿನವರು ಅವರು. ನನ್ನ ಮಗಳಿಗೇ ಅದು ಸರಿಯಾಗಿ ಬರುವುದಿಲ್ಲ.

ಇನ್ನೊಂದು ಜಗಳ ಸಮಯದ ಬಗ್ಗೆ. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ ನಾನು ಫೋನಿನಲ್ಲಿ ಸೆಕೆಂಡು ಎಣಿಸುತ್ತೇನೆ. ಹನ್ನೆರಡು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ತಪ್ಪು ಎಂದು ಗುರುತು ಹಾಕಿ ಮುಂದಿನದಕ್ಕೆ ಹೋಗಬೇಕು. ಒಂದು ಬೆಳಿಗ್ಗೆ ಅವರು ನನ್ನ ಫೋನನ್ನು ಎಡಗೈಯಲ್ಲಿ ಎತ್ತಿಕೊಂಡು, ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟರು.

‘ನನಗೆ... ಸಂಬಳ... ಕೊಡ್ತಿದ್ರು’ ಎಂದರು. ‘ಇದಕ್ಕೆ.’

ಯಾವುದಕ್ಕೆ ಎಂದು ಕೇಳಿದೆ. ಅವರು ಏನೂ ಹೇಳಲಿಲ್ಲ. ನಾನು ಕಾದೆ. ಅವರು ನನ್ನನ್ನೇ ನೋಡುತ್ತಿದ್ದರು, ಹುಬ್ಬು ಒಂಚೂರು ಮೇಲೆ ಹೋಗಿತ್ತು. ಇನ್ನೂ ಕಾದೆ. ಆ ಕಾಯುವಿಕೆಯೇ ಉತ್ತರ ಎಂದು ನನಗೆ ಹೊಳೆದ ಗಳಿಗೆಗೆ ಸರಿಯಾಗಿ ಅವರು ‘ಹಾಂ’ ಎಂದರು. ನಾನು ನಕ್ಕೆ. ಅಲ್ಲಿಂದ ಮುಂದೆ ನಮ್ಮ ಪಾಠದ ದಾರಿಯೇ ಬೇರೆಯಾಯಿತು. ಪದ ಸಿಗದೆ ನಿಲ್ಲುವ ಜಾಗವನ್ನೇ ಅವರು ಬೇಕೆಂದೇ ನಿಲ್ಲಿಸಿದ ಜಾಗವನ್ನಾಗಿ ಮಾಡಿಕೊಳ್ಳತೊಡಗಿದರು. ಕಣ್ಣು, ಹುಬ್ಬು, ಎಡಗೈ, ಎಲ್ಲವನ್ನೂ ಆ ನಿಲುಗಡೆಗೆ ದುಡಿಸಿದರು. ನಾಲ್ಕು ಪದದಲ್ಲಿ ಒಂದು ಕಥೆ ಹೇಳುತ್ತಿದ್ದರು.

ಆದರೆ ಕಾರ್ಡಿನ ಪರೀಕ್ಷೆಯಲ್ಲಿ ಎಂಟಕ್ಕೆ ಐದು ಬಂದಿದ್ದು ಅಲ್ಲಿಗೇ ನಿಂತಿತು. ಮೂರು ಸಲ ಮಾಡಿದರೂ ಐದೇ. ಮೇಲಧಿಕಾರಿ ಫೈಲು ನೋಡಿ, ಪ್ರಗತಿ ನಿಂತಿದೆ ಎಂದು ಬರೆದುಬಿಡು, ಬೇರೆ ರೋಗಿಗಳು ಕಾಯುತ್ತಿದ್ದಾರೆ ಎಂದರು. ನಾನು ಬರೆದೆ. ಅಂಕಗಳು ಹಾಗೇ ಇದ್ದವು, ಬರೆದದ್ದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹತ್ತು ದಿನದಲ್ಲಿ, ಥೆರಪಿಯ ಖರ್ಚು ಕೊಡುತ್ತಿದ್ದ ವಿಮೆ ಕಂಪನಿಯಿಂದ ಅವರಿಗೆ ಪತ್ರ ಹೋಯಿತು. ಇನ್ನು ಸುಧಾರಿಸುವ ಸಂಭವವಿಲ್ಲವಾದ್ದರಿಂದ ಥೆರಪಿ ನಿಲ್ಲಿಸಲಾಗಿದೆ ಎಂದು ಅದರಲ್ಲಿತ್ತು.

ಕೊನೆಯ ಪಾಠಕ್ಕೆಂದು ನಾನು ಹೋದಾಗ ಆ ಪತ್ರ ಮೇಜಿನ ಮೇಲಿತ್ತು. ಅದರ ಜೊತೆ ಲಗತ್ತಿಸಿದ್ದ ನನ್ನ ವರದಿಯೂ. ಅವರು ನನ್ನ ಸಹಿಯ ಮೇಲೆ ಬೆರಳಿಟ್ಟರು.

‘ನಿನ್ನ... ಕೈಯಾ?’

ಹೌದು ಎಂದೆ. ಬೈಯುತ್ತಾರೆಂದು ಕಾದೆ, ಬೈಯಲಿ ಎಂದೂ ಅನ್ನಿಸಿತ್ತು. ಮಗಳು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

‘ಹಾಗಾದ್ರೆ... ನೀನೇ... ಅಳಿಸು’ ಎಂದರು.

ಅವರೂ ಮಗಳೂ ಮೇಲ್ಮನವಿ ಹಾಕಿದರು. ಅದರ ವಿಚಾರಣೆ ಫೋನಿನಲ್ಲಿ ನಡೆಯುತ್ತದೆ. ಒಬ್ಬ ಅಧಿಕಾರಿ ಎರಡೂ ಕಡೆಯವರ ಮಾತು ಕೇಳಿ ತೀರ್ಮಾನ ಮಾಡುತ್ತಾರೆ. ಸಾಕ್ಷಿಯಾಗಿ ನಾನು ಮಾತಾಡಬೇಕು ಎಂದು ಮಗಳು ಕೇಳಿಕೊಂಡರು. ಮೇಲಧಿಕಾರಿಗೆ ತಿಳಿಸಿದಾಗ ಆಕೆ ಬಾಗಿಲು ಹಾಕಿ ಕೂರಿಸಿಕೊಂಡು, ನೀನು ಬರೆದದ್ದನ್ನು ನೀನೇ ತಪ್ಪು ಎಂದರೆ ನಾಳೆ ನಿನ್ನ ಎಲ್ಲ ವರದಿಗಳ ಮೇಲೂ ಪ್ರಶ್ನೆ ಬರುತ್ತದೆ, ಲೈಸೆನ್ಸಿನವರೆಗೂ ಹೋಗಬಹುದು ಎಂದು ಎಚ್ಚರಿಸಿದರು. ಬೆದರಿಕೆಯಲ್ಲ, ಆಕೆ ನಿಜವಾಗಿಯೂ ಹೆದರಿದ್ದರು. ಮನೆಯಲ್ಲಿ ನನ್ನ ಗಂಡನದೂ ಅದೇ ಮಾತು. ಅವರು ಸ್ಯಾನ್ ಹೊಸೆಯ ಒಂದು ಆಫೀಸಿನಲ್ಲಿ ಇಂಜಿನಿಯರು. ‘ಯಾಕೆ ಬೇಕು ಈ ರಿಸ್ಕು? ನಮ್ಮ ಕಂಪನಿಲಿ ಲೇಆಫ್ ನಡೀತಿದೆ, ಮಗಳ ಕಾಲೇಜು ಬೇರೆ ಬಂತು. ಅಜ್ಜಿಗೆ ತೊಂಬತ್ತೈದು ಕಣೇ’ ಎಂದರು.

ತೊಂಬತ್ತೈದಾದರೆ ಏನು ಎಂದು ನಾನು ಕೇಳಿದೆ. ನನಗೆ ಆಗ ನಲವತ್ತಮೂರು. ಸಾಬೂನು ಹಿಡಿದು ಕ್ಯಾಮೆರಾದ ಮುಂದೆ ನಿಂತಾಗ ಆ ಹೆಂಗಸಿಗೆ ಇಪ್ಪತ್ತನಾಲ್ಕು ಇತ್ತು. ಮಾರನೇ ದಿನ ಫ್ರೀವೇಯಲ್ಲಿ ಡ್ಯಾನ್‌ವಿಲ್ ಕಡೆ ಹೋಗುವಾಗ ಈ ಎರಡು ವಯಸ್ಸುಗಳನ್ನೇ ಯೋಚಿಸುತ್ತಾ ನಾನು ಇಳಿಯಬೇಕಾದ ಎಕ್ಸಿಟ್ ತಿರುವನ್ನು ತಪ್ಪಿಸಿಕೊಂಡು, ಮುಂದಿನ ಊರಿನವರೆಗೆ ಹೋಗಿ ತಿರುಗಿ ಬಂದೆ. ಬರುವಷ್ಟರಲ್ಲಿ ಸಾಕ್ಷಿ ಹೇಳುವುದೆಂದು ತೀರ್ಮಾನವಾಗಿತ್ತು.

ವಿಚಾರಣೆಯ ದಿನ ಅವರು ಬೆಳಿಗ್ಗೆಯೇ ತಯಾರಾಗಿದ್ದರು. ನೀಲಿ ಉಡುಪು, ಮುತ್ತಿನ ಸರ, ಕೆಂಪು ತುಟಿ. ಫೋನಿನಲ್ಲಿ ಯಾರಿಗೂ ಕಾಣುವುದಿಲ್ಲವಲ್ಲ ಎಂದು ಮಗಳು ಹೇಳಿದ್ದಕ್ಕೆ, ‘ರೇಡಿಯೋ’ ಎಂದಷ್ಟೇ ಉತ್ತರ ಕೊಟ್ಟರು. ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟೆವು. ಆ ಕಡೆಯಲ್ಲಿ ಅಧಿಕಾರಿ, ಮತ್ತು ಕಂಪನಿಯ ಪರವಾಗಿ ಒಬ್ಬ ಗಂಡಸು.

ಅಧಿಕಾರಿ ನನ್ನ ಹೆಸರು ಕೇಳಿದರು. ಪೂರ್ತಿ ಹೇಳಿದೆ. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಪೂರ್ತಿಯೇ ಹೇಳಿ, ಅಕ್ಷರ ಬಿಡಿಸಿಕೊಟ್ಟೆ. ಪ್ರಗತಿ ನಿಂತಿದೆ ಎಂಬ ವರದಿ ನಿಮ್ಮದೇ ತಾನೇ ಎಂದು ಕೇಳಿದರು.

‘ನನ್ನದೇ. ಅಂಕಗಳು ಸರಿ ಇವೆ, ತೀರ್ಮಾನ ತಪ್ಪು’ ಎಂದೆ. ‘ಚಿತ್ರ ತೋರಿಸಿ ಹೆಸರು ಕೇಳಿದ್ದು ನಾನು. ಅವರು ಕಲೀತಾ ಇದ್ದದ್ದು ಅದನ್ನಲ್ಲ. ಏನು ಕಲೀತಿದ್ದಾರೆ ಅಂತ ನನಗೆ ಗೊತ್ತಿತ್ತು. ಆದ್ರೂ ಬರೀಲಿಲ್ಲ.’

ಹೇಳುವಾಗ ಕ್ಲಾಸಿನಲ್ಲಿ ಕಲಿತ ಉಚ್ಚಾರಣೆಯೆಲ್ಲ ಹೋಗಿ ಮಂಡ್ಯದ ಇಂಗ್ಲಿಷ್ ಬಂತು. ಕಂಪನಿಯವನು ತನ್ನ ಕಾಗದ ಓದಿದ. ರೋಗಿ ಒಂದು ಪ್ರಶ್ನೆಗೆ ಉತ್ತರಿಸಲು ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ, ಇದನ್ನು ಸಂಭಾಷಣೆ ಎನ್ನಲಾಗುವುದಿಲ್ಲ. ಹಾಗಾದರೆ ರೋಗಿಯನ್ನೇ ಕೇಳೋಣ ಎಂದು ಅಧಿಕಾರಿ ಅವರನ್ನು ಮಾತಾಡಿಸಿದರು.

ಅವರು ಸುಮ್ಮನಿದ್ದರು. ಬಾಯಿ ಅರ್ಧ ತೆರೆದಿತ್ತು. ನನ್ನ ಒಳಗೆ ಸೆಕೆಂಡುಗಳು ತಾವಾಗಿ ಎಣಿಕೆಯಾಗತೊಡಗಿದವು. ಹನ್ನೆರಡು ದಾಟಿತು. ಹಲೋ, ಲೈನಿನಲ್ಲಿದ್ದೀರಾ ಎಂದು ಅಧಿಕಾರಿ ಕೇಳಿದರು. ತಾಯಿಯ ಪರವಾಗಿ ಮಾತಾಡಲು ಮಗಳು ಮುಂದೆ ಬಾಗಿದರು. ಅವರು ಎಡಗೈ ಎತ್ತಿ ತಡೆದರು.

‘ಇದೀನಿ’ ಎಂದರು. ಮತ್ತೆ ಮೌನ. ‘ನೀವು... ಕಾದ್ರಿ. ಫೋನು... ಇಡಲಿಲ್ಲ.’ ಇನ್ನಷ್ಟು ಮೌನ. ‘ಅದೇ... ನನ್ನ ಕೆಲಸ.’

ಆಮೇಲೆ ಕಂಪನಿಯವನು ಗಂಟಲು ಸರಿ ಮಾಡಿಕೊಂಡು, ಈ ಥೆರಪಿಯಿಂದ ನೀವು ಏನನ್ನು ಸಾಧಿಸಬೇಕೆಂದಿದ್ದೀರಿ, ನಿಮ್ಮ ಗುರಿ ಏನು ಎಂದು ಕೇಳಿದ. ಅದು ನಮ್ಮ ಫಾರಮ್ಮಿನಲ್ಲಿ ಇರುವ ಪ್ರಶ್ನೆ.

‘ನಿಮ್ಮನ್ನ... ನಗಿಸೋದು’ ಎಂದರು ಅವರು.

ಅವನು ನಗಲಿಲ್ಲ. ಅವರು ಕಾದರು. ಎಷ್ಟು ಹೊತ್ತು ಕಾಯಬೇಕೋ ಅಷ್ಟೇ ಹೊತ್ತು ಕಾದು, ಫೋನಿನ ಕಡೆಗೆ ಸ್ವಲ್ಪ ಬಾಗಿ ಹೇಳಿದರು.

‘ಅದಕ್ಕೆ... ಸುಮಾರು... ದಿನ ಬೇಕು.’

ಅಧಿಕಾರಿ ನಕ್ಕರು. ಕೆಮ್ಮಿ ಮುಚ್ಚಿಕೊಳ್ಳಲು ನೋಡಿದರೂ ಆಗಲಿಲ್ಲ. ಕಂಪನಿಯವನ ನಗೆಯೂ ಅದರ ಹಿಂದೆ ಸಣ್ಣಗೆ ಕೇಳಿಸಿತು ಎಂದು ಮಗಳು ಇವತ್ತಿಗೂ ವಾದಿಸುತ್ತಾರೆ. ನನಗೆ ಕೇಳಿಸಲಿಲ್ಲ. ನಾನು ಅಜ್ಜಿಯ ಮುಖ ನೋಡುತ್ತಿದ್ದೆ. ಹಣೆಯ ಮೇಲೆ ಬೆವರು, ಎಡಗೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಎಪ್ಪತ್ತು ವರ್ಷದ ಹಿಂದೆಯೂ ಹೀಗೇ ಬೆವರಿರಬೇಕು, ಕ್ಯಾಮೆರಾಕ್ಕೆ ಕಂಡಿರಲಿಕ್ಕಿಲ್ಲ.

ಮೂರು ವಾರದ ಮೇಲೆ ತೀರ್ಮಾನ ಬಂತು. ಇನ್ನೂ ಮೂರು ತಿಂಗಳು ಥೆರಪಿ. ನನಗೆ ಆಫೀಸಿನಿಂದ ಒಂದು ಎಚ್ಚರಿಕೆಯ ಪತ್ರ ಬಂತು. ಅದಕ್ಕೆ ಪೂರ್ತಿ ಹೆಸರಿನ ಸಹಿ ಹಾಕಿ ವಾಪಸು ಕೊಟ್ಟು, ಹೊಸ ಬ್ಯಾಡ್ಜು ಬೇಕು ಎಂದು ಕೇಳಿದೆ. ಅಷ್ಟು ಅಕ್ಷರ ಹಿಡಿಯುವುದಿಲ್ಲವೇನೋ ಎಂದು ಮೇಲಧಿಕಾರಿ ಅನುಮಾನಿಸಿದರು. ಚಿಕ್ಕ ಅಕ್ಷರದಲ್ಲಿ ಹಿಡಿಯಿತು.

ಆ ಮೂರು ತಿಂಗಳಲ್ಲಿ ಅವರು ಮಾಡಿದ ದೊಡ್ಡ ಕೆಲಸವೆಂದರೆ ತಮ್ಮ ಪ್ರಾರ್ಥನಾ ಮಂದಿರದಲ್ಲಿ ವೃದ್ಧರಿಗೆಂದು ನಡೆಯುವ ಮಧ್ಯಾಹ್ನದ ಊಟದಲ್ಲಿ ಮೈಕು ಹಿಡಿದದ್ದು. ಅಲ್ಲಿಯವರು, ನೀವು ಸುಮ್ಮನೆ ಕೂತಿರಿ, ನಿಮ್ಮ ಬಗ್ಗೆ ನಾವು ನಾಲ್ಕು ಮಾತು ಹೇಳುತ್ತೇವೆ ಎಂದಿದ್ದರು. ಇವರ ಉತ್ತರ ಏನಿತ್ತೆಂದು ಮತ್ತೆ ಹೇಳಬೇಕಾಗಿಲ್ಲ. ಅರವತ್ತು ಜನರ ಮುಂದೆ, ವಾಕರ್ ಹಿಡಿದು ನಿಂತು, ಫೋನಿನ ವಿಚಾರಣೆಯ ಕಥೆ ಹೇಳಲು ಶುರು ಮಾಡಿದರು. ನಡುವೆ ಒಂದು ಪದ ಸಿಗದೆ ನಿಂತರು. ನಿಂತೇ ಇದ್ದರು. ಜನ ತಟ್ಟೆ ನೋಡತೊಡಗಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ಸಹಾಯ ಮಾಡಲೆಂದು, ಕಂಪನಿ, ಕಂಪನಿ ಎಂದು ಗಟ್ಟಿಯಾಗಿ ಹೇಳಿಕೊಟ್ಟರು.

ಇವರು ನಿಧಾನವಾಗಿ ಅವರ ಕಡೆ ತಿರುಗಿದರು.

‘ಅವಸರ ಇದ್ರೆ... ನೀವು... ಮೊದಲು ಹೋಗಿ’ ಎಂದರು. ‘ನಾನು... ಆಮೇಲೆ ಬರ್ತೀನಿ.’

ಎಲ್ಲರೂ ತೊಂಬತ್ತರ ಆಸುಪಾಸಿನವರು. ಎಲ್ಲಿಗೆ ಹೋಗುವುದೆಂದು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಆ ನಗೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಹೇಳಿಕೊಟ್ಟ ಮುದುಕರೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇವರು ನಗೆ ಪೂರ್ತಿ ಇಳಿಯುವವರೆಗೂ ಕಾದು, ಬಿಟ್ಟಿದ್ದ ಕಥೆಯನ್ನು ಅದೇ ಪದದಿಂದ ಎತ್ತಿಕೊಂಡು ಮುಗಿಸಿದರು.

ಥೆರಪಿ ಮುಗಿದ ಮೇಲೂ ನಾನು ಭಾನುವಾರಗಳಂದು ಹೋಗಿಬರುತ್ತಿದ್ದೆ, ಕೆಲಸಕ್ಕಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಎರಡನೆಯ ಸಲ ಪಾರ್ಶ್ವವಾಯು ಹೊಡೆಯಿತು. ಈ ಸಲ ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ಯಹೂದಿಗಳಲ್ಲಿ ತಡಮಾಡುವುದಿಲ್ಲ, ಎರಡು ದಿನದಲ್ಲಿ ಮಣ್ಣು ಮಾಡಿದರು. ಚಳಿಗಾಲದ ಮಳೆಗೆ ಗುಡ್ಡಗಳೆಲ್ಲ ಹಸಿರಾಗಿದ್ದವು. ಗುಂಡಿಯ ಪಕ್ಕದಲ್ಲಿ ಮಣ್ಣಿನ ರಾಶಿ, ಅದರಲ್ಲಿ ಒಂದು ಸಲಿಕೆ. ಬಂದವರೆಲ್ಲ ಒಬ್ಬೊಬ್ಬರಾಗಿ ಮೂರು ಸಲಿಕೆ ಮಣ್ಣು ಹಾಕಬೇಕು. ಮೊದಲ ಸಲ ಸಲಿಕೆಯನ್ನು ತಿರುವುಮುರುವು ಹಿಡಿದು ಅದರ ಬೆನ್ನ ಮೇಲೆ ಮಣ್ಣು ತೆಗೆದುಕೊ, ಈ ಕೆಲಸಕ್ಕೆ ನಮಗೆ ಅವಸರವಿಲ್ಲ ಎಂದು ತೋರಿಸಲಿಕ್ಕೆ ಎಂದು ಮಗಳು ಹೇಳಿಕೊಟ್ಟರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಲಿಕೆ ಕೊಡಬಾರದು, ರಾಶಿಯಲ್ಲೇ ಚುಚ್ಚಿ ಹೋಗಬೇಕು. ನನ್ನ ಸರದಿ ಬಂದಾಗ ನಾನೂ ಹಾಕಿದೆ. ಮಣ್ಣು ಒದ್ದೆಯಾಗಿತ್ತು, ಭಾರವಾಗಿತ್ತು. ಮರದ ಪೆಟ್ಟಿಗೆಯ ಮೇಲೆ ಬಿದ್ದಾಗ ಆದ ಸದ್ದು ಎದೆಗೆ ಬಂದು ಹೊಡೆಯಿತು. ಮೂರಕ್ಕೆ ನಿಲ್ಲಿಸಲಾಗದೆ ಇನ್ನೂ ಎರಡು ಹಾಕಿದೆ.

ಸಂಜೆ ಮನೆಯಿಂದ ಅವ್ವನಿಗೆ ಫೋನು ಮಾಡಿದೆ. ಅವ್ವ ಮಂಡ್ಯದಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಅಲ್ಲಿ ಬೆಳಿಗ್ಗೆ, ಕಾಫಿ ಕುಡಿಯುತ್ತಿದ್ದಳು. ಅಜ್ಜಿಯ ವಿಷಯ ಅವಳಿಗೆ ಮೊದಲಿಂದಲೂ ಹೇಳಿದ್ದೆ.

‘ಮಣ್ಣಿಗೆ ನೀನೂ ಹೋಗಿದ್ದಾ?’ ಎಂದು ಕೇಳಿದಳು.

‘ಹೋಗಿದ್ದೆ ಕಣವ್ವ. ಮಣ್ಣೂ ಹಾಕ್ದೆ.’

‘ಅವ್ರಲ್ಲಿ ಹೆಣ್ಮಕ್ಳು ಹಾಕ್ಬೋದಾ?’

‘ಹಾಕ್ಬೋದು. ಕೂಡ್ದು ಅಂದಿದ್ರೂ ಹಾಕ್ತಿದ್ದೆ.’

ಆರು ವರ್ಷದ ಹಿಂದೆ ಅಪ್ಪ ಹೋದಾಗ ನಾನು ಎರಡು ವಿಮಾನ ಬದಲಿಸಿ, ಹೆಣ ಎತ್ತುವ ಹೊತ್ತಿಗೆ ಸರಿಯಾಗಿ ಊರು ಸೇರಿದ್ದೆ. ಹೊಲದಲ್ಲಿ ಗುಂಡಿ ತೆಗೆದಿದ್ದರು. ಬೀದಿಯ ತಿರುವಿನಲ್ಲಿ ಹೆಂಗಸರೆಲ್ಲ ನಿಂತುಬಿಟ್ಟರು, ಗಂಡಸರು ಮುಂದೆ ಹೋದರು. ನಾನು ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿದ್ದೆ. ಅವ್ವ ಬಂದು ನನ್ನ ಮೊಣಕೈ ಹಿಡಿದು ನಿಲ್ಲಿಸಿದ್ದಳು. ಆ ವಿಷಯವನ್ನು ಅವಳಾಗಲಿ ನಾನಾಗಲಿ ಇಷ್ಟು ವರ್ಷ ಎತ್ತಿರಲಿಲ್ಲ.

‘ನಿಮ್ಮಪ್ಪನ್ಗೂ ನೀನು ಹಾಕ್ಬೇಕಾಗಿತ್ತು’ ಎಂದಳು ಅವ್ವ. ‘ನಾನೇ ಕೈ ಹಿಡ್ಕಂಡೆ.’

ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

‘ಬರೋ ಸಲ ಬಂದಾಗ ಹೊಲದ್ ತಾವ್ಕೆ ಇಬ್ರೂವೆ ಹೋಗಾನ. ಒಂದೊಂದ್ ಹಿಡಿ ಹಾಕ್ಬುಟ್ಟು ಬರಾನ. ಯಾರ್ ಏನಂತಾರೋ ಅನ್ಲಿ.’